ಭೂಮಿಗೆ ಪ್ರಾಣವಾಯು ಬಂದ ಕಥೆ

ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು ಮತ್ತು ಇಸವಿಗಳು. 1258ರಲ್ಲಿ ಬಗ್ದಾದ್ ಪತನವಾಯಿತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಉಸ್ಮಾನಿ ತುರ್ಕರ ವಶವಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದರು. 1947ರಲ್ಲಿ ದೇಶ ಸ್ವತಂತ್ರವಾಯಿತು. ಪಠ್ಯಪುಸ್ತಕಗಳಲ್ಲಿರುವುದೂ, ಪರೀಕ್ಷೆಯಲ್ಲಿ ಕೇಳುವುದೂ ಇಂಥವನ್ನೇ. ಇವೆಲ್ಲ ಮಹತ್ವದ ಘಟನೆಗಳೇ, ಸಂಶಯವಿಲ್ಲ. ಆದರೆ ಇವೆಲ್ಲವೂ ಮನುಷ್ಯನ ಇತಿಹಾಸದ ಘಟನೆಗಳು. ಮನುಷ್ಯನನ್ನು ಹೊತ್ತಿರುವ ಈ ಭೂಮಿಗೂ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ಎಲ್ಲಕ್ಕಿಂತ ಮಹತ್ವದ ಘಟನೆ ಯಾವುದು ಎಂದು ಕೇಳಿದರೆ ನಾವು ಏನು ಉತ್ತರಿಸುತ್ತೇವೆ?

ಹಲವರು ಡೈನೋಸಾರ್‌ಗಳ ನಾಶವನ್ನು ಹೇಳಬಹುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಇಂದಿನ ಮೆಕ್ಸಿಕೋದ ಬಳಿ ಅಪ್ಪಳಿಸಿ ಆ ದೈತ್ಯ ಪ್ರಾಣಿಗಳ ಯುಗವನ್ನು ಕೊನೆಗಾಣಿಸಿತು. ಆದರೆ ಆ ಬಡಿತದ ನಂತರವೂ ಭೂಮಿಯ ಗಾಳಿ, ನೀರು, ಜೀವಿಗಳು ಬದುಕುವ ಕ್ರಮ ಮೂಲತಃ ಮೊದಲಿನಂತೆಯೇ ಉಳಿದವು. ಅದಕ್ಕಿಂತ ಬಹಳ ಹಿಂದೆ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಸದ್ದುಗದ್ದಲವಿಲ್ಲದೆ ಇನ್ನೊಂದು ಘಟನೆ ನಡೆಯಿತು. ಅದು ಆಕಾಶದ ಬಣ್ಣವನ್ನೂ, ಸಮುದ್ರದ ನೀರಿನ ಗುಣವನ್ನೂ, ಕಲ್ಲುಗಳ ಜಾತಿಯನ್ನೂ, ಜೀವಿಗಳ ಹಣೆಬರಹವನ್ನೂ ಬದಲಿಸಿತು. ವಾತಾವರಣಕ್ಕೆ ಆಮ್ಲಜನಕ ಬಂದು ನೆಲೆಸಿದ್ದೇ ಆ ಘಟನೆ. ವಿಜ್ಞಾನಿಗಳು ಇದನ್ನು ‘ಮಹಾ ಉತ್ಕರ್ಷಣ’ ಎಂದು ಕರೆಯುತ್ತಾರೆ. ಜೀವದ ಹುಟ್ಟನ್ನು ಬಿಟ್ಟರೆ ಭೂಮಿಯ ಚರಿತ್ರೆಯಲ್ಲಿ ಇದಕ್ಕೆ ಸಾಟಿಯಾದ ಘಟನೆ ಮತ್ತೊಂದಿಲ್ಲ ಎಂಬುದೇ ಈ ಲೇಖನದ ವಾದ.

ಆಮ್ಲಜನಕದ ಬೆಲೆಯನ್ನು ನಮ್ಮ ತಲೆಮಾರಿಗೆ ವಿವರಿಸಿ ಹೇಳಬೇಕಾಗಿಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ಒಂದು ಸಿಲಿಂಡರಿಗಾಗಿ ಮನೆಮಂದಿ ಊರೂರು ಅಲೆದರು. ಮಸೀದಿ, ಮಂದಿರ, ಸಂಘಸಂಸ್ಥೆಗಳು ಸಿಲಿಂಡರ್ ಹೊಂದಿಸಲು ಹಗಲಿರುಳು ಓಡಾಡಿದವು. ಹುಟ್ಟಿದ ಕ್ಷಣದಿಂದ ಪುಕ್ಕಟೆಯಾಗಿ ಸಿಗುತ್ತಿದ್ದ ವಸ್ತುವಿನ ಹೆಸರು ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ಅದು ಭೂಮಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ಆಗಲೂ ನಾವು ಕೇಳಿಕೊಳ್ಳಲಿಲ್ಲ.

ಹೆಸರಿನ ಕಥೆ

ಗಾಳಿ ಒಂದೇ ವಸ್ತು, ಅದು ಮೊದಲಿನಿಂದಲೂ ಹೀಗೆಯೇ ಇದೆ ಎಂದು ಮನುಷ್ಯ ಸಾವಿರಾರು ವರ್ಷ ನಂಬಿದ್ದ. ಪಂಚಭೂತಗಳಲ್ಲಿ ಅದೂ ಒಂದು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಒಂದು ಪ್ರಯೋಗ ಮಾಡಿದರು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದಬತ್ತಿ ಉರಿದು ಆರಿದ ಮೇಲೆ ಅದರೊಳಗೆ ಪುದೀನದ ಒಂದು ಕುಡಿ ಇಟ್ಟರು. ಕೆಲವು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆ ಎಂಬುದು ಹೀಗೆ ತಿಳಿಯಿತು. 1774ರಲ್ಲಿ ಅವರೇ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಆಮ್ಲಜನಕವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಶೀಲೆ ಇದನ್ನು ಅದಕ್ಕೂ ಮೊದಲೇ ಕಂಡಿದ್ದರೂ ಅವರ ಪುಸ್ತಕ ಅಚ್ಚಾದದ್ದು 1777ರಲ್ಲಿ. ಗಿಡಕ್ಕೆ ಈ ಕೆಲಸ ಮಾಡಲು ಬೆಳಕು ಬೇಕು, ಹಸಿರು ಭಾಗವೇ ಬೇಕು ಎಂದು 1779ರಲ್ಲಿ ತೋರಿಸಿದವರು ಹಾಲೆಂಡಿನ ವೈದ್ಯ ಇಂಗೆನ್‌ಹೌಸ್.

ಫ್ರಾನ್ಸಿನ ಲವಾಸಿಯೆ ಈ ಅನಿಲಕ್ಕೆ ಹೆಸರಿಟ್ಟರು. ಎಲ್ಲ ಆಮ್ಲಗಳಲ್ಲೂ ಇದು ಇರಲೇಬೇಕು ಎಂದು ಭಾವಿಸಿ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಗ್ರೀಕ್ ಹೆಸರನ್ನು ಕೊಟ್ಟರು. ಆ ಊಹೆ ತಪ್ಪೆಂದು ಮುಂದೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು. ಕನ್ನಡದ ‘ಆಮ್ಲಜನಕ’ ಅದರದ್ದೇ ಅನುವಾದ. ನಮ್ಮ ಇನ್ನೊಂದು ಪದ ‘ಪ್ರಾಣವಾಯು’. ಎರಡರಲ್ಲಿ ಇದೇ ಹೆಚ್ಚು ಸತ್ಯಕ್ಕೆ ಹತ್ತಿರ ಎನ್ನಬೇಕು. ಆದರೆ ಈ ಪ್ರಾಣವಾಯು ಒಂದು ಕಾಲದಲ್ಲಿ ಭೂಮಿಯ ಬಹುಪಾಲು ಜೀವಿಗಳಿಗೆ ಪ್ರಾಣಾಂತಿಕವಾಗಿತ್ತು ಎಂಬುದನ್ನು ಮುಂದೆ ನೋಡೋಣ.

ಕಲ್ಲನ್ನು ಓದುವ ವಿದ್ಯೆ

ಬರೆದಿಟ್ಟವರು ಯಾರೂ ಇಲ್ಲದ ಕಾಲದ ಇತಿಹಾಸವನ್ನು ತಿಳಿಯುವುದು ಹೇಗೆ? ಕಲ್ಲುಗಳಿಂದ. ಈ ವಿದ್ಯೆಗೆ ಆಧುನಿಕ ರೂಪ ಕೊಟ್ಟವರು ಯುರೋಪಿನ ವಿಜ್ಞಾನಿಗಳು. ಆದರೆ ಅದರ ಹಿಂದಿನ ಆಲೋಚನೆ ಹಳೆಯದು. ಇಬ್ನ್ ಸೀನಾ (980–1037) ತಮ್ಮ ‘ಕಿತಾಬುಶ್ಶಿಫಾ’ ಗ್ರಂಥದಲ್ಲಿ ಪರ್ವತಗಳು ಹೇಗೆ ಉಂಟಾಗುತ್ತವೆ ಎಂದು ವಿವರಿಸುತ್ತಾ ಎರಡು ಕಾರಣಗಳನ್ನು ಕೊಟ್ಟರು: ಭೂಕಂಪದಿಂದ ನೆಲ ಮೇಲೇಳುವುದು ಮತ್ತು ನೀರು ಬಹು ದೀರ್ಘಕಾಲ ಮೃದುವಾದ ಭಾಗವನ್ನು ಕೊರೆದು ಗಟ್ಟಿ ಭಾಗವನ್ನು ಉಳಿಸುವುದು. ಅವರ ಸಮಕಾಲೀನರಾದ ಅಲ್‌ಬಿರೂನಿ (973–1048) ಭಾರತದ ನೆಲವನ್ನೇ ಓದಿದರು. ಪರ್ವತದ ಸಮೀಪ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಚಿಕ್ಕವು, ಕೊನೆಗೆ ಬರೀ ಮರಳು ಎಂಬುದನ್ನು ಗಮನಿಸಿ, ಉತ್ತರ ಭಾರತದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿರಬೇಕು ಎಂದು ತೀರ್ಮಾನಿಸಿದರು. ಸಾವಿರ ವರ್ಷಗಳ ಹಿಂದೆ, ಯಾವ ಉಪಕರಣವೂ ಇಲ್ಲದೆ, ಬರೀ ಕಣ್ಣು ಮತ್ತು ಬುದ್ಧಿಯಿಂದ ಮಾಡಿದ ಕೆಲಸ ಇದು.

ಇಂದು ಕಲ್ಲಿನೊಳಗಿನ ಯುರೇನಿಯಂ ಸೀಸವಾಗಿ ಬದಲಾಗುವ ವೇಗದಿಂದ ಅದರ ವಯಸ್ಸನ್ನು ಲೆಕ್ಕ ಹಾಕಬಹುದು. ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಖಚಿತಪಡಿಸಿದವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಇಂದಿನ ಲೆಕ್ಕವೂ ಹೆಚ್ಚು ಕಡಿಮೆ ಅದೇ, ಅಂದರೆ 454 ಕೋಟಿ ವರ್ಷ.

ಈ ಸಂಖ್ಯೆಗಳು ತಲೆಗೆ ಹತ್ತುವುದು ಕಷ್ಟ. ಆದ್ದರಿಂದ ಭೂಮಿಯ ಇಡೀ ಆಯುಷ್ಯವನ್ನು ಒಂದು ವರ್ಷಕ್ಕೆ ಇಳಿಸಿ ನೋಡೋಣ. ಜನವರಿ 1ರಂದು ಭೂಮಿ ಹುಟ್ಟಿತು. ಮಾರ್ಚ್ ಮುಗಿಯುವುದರೊಳಗೆ ಜೀವಿಗಳಿದ್ದವು. ಜೂನ್ ಮೂರನೆಯ ವಾರದಲ್ಲಿ ಗಾಳಿಗೆ ಆಮ್ಲಜನಕ ಬಂತು. ಪ್ರಾಣಿಗಳು ತರತರದ ರೂಪ ತಾಳಿದ್ದು ನವೆಂಬರ್ ಮಧ್ಯಭಾಗದ ನಂತರ. ಡೈನೋಸಾರ್‌ಗಳು ಅಳಿದದ್ದು ಡಿಸೆಂಬರ್ 26ರಂದು. ಮನುಷ್ಯ ಬಂದದ್ದು ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ. ಹಿಜರಿ ಶಕೆಯ ಹದಿನಾಲ್ಕು ಶತಮಾನಗಳು ಕೊನೆಯ ಹತ್ತು ಸೆಕೆಂಡುಗಳಲ್ಲಿ ಮುಗಿದವು.

ಪಾಚಿಯ ಕೆಲಸ

ಆ ‘ಜೂನ್’ ತಿಂಗಳಿಗೆ ಮೊದಲು ಭೂಮಿ ಹೇಗಿತ್ತು? ಗಾಳಿಯಲ್ಲಿ ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಇದ್ದವು. ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಓಝೋನ್ ಪದರ ಇಲ್ಲದ್ದರಿಂದ ಸೂರ್ಯನ ಅತಿನೇರಳೆ ಕಿರಣಗಳು ನೇರವಾಗಿ ನೆಲವನ್ನು ಸುಡುತ್ತಿದ್ದವು. ಸಮುದ್ರದ ನೀರಿನಲ್ಲಿ ಕಬ್ಬಿಣ, ಉಪ್ಪಿನಂತೆ ಕರಗಿಕೊಂಡಿತ್ತು. ನೆಲದ ಮೇಲೆ ಮರವಿಲ್ಲ, ಹುಲ್ಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ಮಾತ್ರ. ಅವುಗಳಲ್ಲಿ ಕೆಲವು ಸೂರ್ಯನ ಬೆಳಕನ್ನು ಬಳಸಿ ಆಹಾರ ತಯಾರಿಸುತ್ತಿದ್ದವು. ಆದರೆ ಅದಕ್ಕೆ ಬೇಕಾದ ಕಚ್ಚಾವಸ್ತು ಗಂಧಕದ ಅನಿಲವೋ, ಕರಗಿದ ಕಬ್ಬಿಣವೋ ಆಗಿತ್ತು. ಅವು ಎಲ್ಲೆಡೆ ಸಿಗುವ ವಸ್ತುಗಳಲ್ಲ.

ಆಗ ಒಂದು ಜಾತಿಯ ಸೂಕ್ಷ್ಮಜೀವಿ ನೀರನ್ನೇ ಒಡೆಯುವ ವಿದ್ಯೆ ಪಡೆಯಿತು. ನೀರಿಗೆ ಬರವಿಲ್ಲ, ಬೆಳಕಿಗೂ ಬರವಿಲ್ಲ. ನೀರಿನಿಂದ ಜಲಜನಕದ ಅಂಶವನ್ನು ಆಹಾರಕ್ಕೆ ಬಳಸಿಕೊಂಡು ಉಳಿದ ಆಮ್ಲಜನಕವನ್ನು ಅದು ಕಸದಂತೆ ಹೊರಗೆ ಬಿಟ್ಟಿತು. ಈ ಜೀವಿಗಳನ್ನು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇವಕ್ಕೆ ನೀಲಿ-ಹಸಿರು ಪಾಚಿ ಎಂಬ ಹೆಸರಿದೆ. ಇವು ಇಂದಿಗೂ ಇವೆ. ಮಳೆಗಾಲದಲ್ಲಿ ಅಂಗಳದಲ್ಲಿ ಕಾಲು ಜಾರಿಸುವ ಲೋಳೆಯಲ್ಲಿ ಇವೆ, ಗದ್ದೆಯ ನೀರಿನಲ್ಲಿ ಇವೆ, ಸಮುದ್ರದ ಪ್ರತಿ ಹನಿಯಲ್ಲೂ ಇವೆ. ತೆಂಗು, ಮಾವು, ಭತ್ತದ ಎಲೆಗಳ ಹಸಿರು ಕಣಗಳು ಕೂಡ, ಬಹು ಹಿಂದೆ ಮತ್ತೊಂದು ಕೋಶದೊಳಗೆ ಸೇರಿಕೊಂಡ ಇಂಥದೇ ಜೀವಿಯ ಸಂತತಿ.

ಈ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳು ಕಲ್ಲಾಗಿ ಉಳಿದಿವೆ. ಇವನ್ನು ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಅವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಸುಣ್ಣಕಲ್ಲಿನಲ್ಲಿ ಇಂಥ ಬಹು ಪ್ರಾಚೀನ ರಚನೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ.

ಬಾಬಾಬುಡನ್‌ಗಿರಿಯ ಸಾಕ್ಷಿ

ಪಾಚಿ ಆಮ್ಲಜನಕ ಬಿಡತೊಡಗಿದ ಕೂಡಲೇ ಅದು ಗಾಳಿಗೆ ಸೇರಲಿಲ್ಲ. ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಅದನ್ನು ಹಿಡಿದುಕೊಂಡಿತು. ಜ್ವಾಲಾಮುಖಿಗಳ ಅನಿಲಗಳು ಅದನ್ನು ನುಂಗಿದವು. ಹೀಗೆ ಕೋಟ್ಯಂತರ ವರ್ಷ ಕಳೆಯಿತು. ತುಕ್ಕು ಹಿಡಿದ ಕಬ್ಬಿಣ ನೀರಿನಲ್ಲಿ ಕರಗಿರಲಾರದೆ ಸಮುದ್ರದ ತಳಕ್ಕೆ ಇಳಿಯಿತು. ಒಂದು ಪದರ ಕಬ್ಬಿಣ, ಒಂದು ಪದರ ಬೆಣಚು, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಪಟ್ಟೆ ಪಟ್ಟೆಯಾದ ಈ ಕಲ್ಲೇ ಜಗತ್ತಿನ ಬಹುಪಾಲು ಕಬ್ಬಿಣದ ಅದಿರಿನ ಮೂಲ. ಆಮ್ಲಜನಕದ ಜತೆಗೆ, ಬೆಳಕಿನ ನೆರವಿನಿಂದ ಕಬ್ಬಿಣವನ್ನೇ ಬಳಸುತ್ತಿದ್ದ ಹಳೆಯ ಸೂಕ್ಷ್ಮಜೀವಿಗಳ ಪಾಲೂ ಇದರಲ್ಲಿ ಇರಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ.

ಈ ಕಲ್ಲನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಸಂಡೂರಿನ ಬೆಟ್ಟಗಳು, ಕುದುರೆಮುಖ, ಚಿಕ್ಕಮಗಳೂರಿನ ಬಾಬಾಬುಡನ್ ಶ್ರೇಣಿ ಎಲ್ಲವೂ ಇದೇ ಜಾತಿಯವು. ಸೂಫಿ ಸಂತ ಬಾಬಾಬುಡನ್ ಅವರ ಹೆಸರನ್ನು ನಾವು ಯಮನ್ನಿನಿಂದ ತಂದ ಏಳು ಕಾಫಿ ಬೀಜಗಳ ಪ್ರತೀತಿಯೊಂದಿಗೆ ನೆನೆಯುತ್ತೇವೆ. ಭೂವಿಜ್ಞಾನದ ಗ್ರಂಥಗಳಲ್ಲಿ ಆ ಹೆಸರು ಒಂದು ಪ್ರಾಚೀನ ಶಿಲಾಸಮೂಹದ ಹೆಸರಾಗಿಯೂ ಪ್ರಪಂಚದಾದ್ಯಂತ ಓದಲ್ಪಡುತ್ತಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಹೆಸರಿನ ಕಬ್ಬಿಣದ ಪಟ್ಟೆಶಿಲೆಗಳ ತಳಭಾಗಕ್ಕೆ ಸುಮಾರು 272 ಕೋಟಿ ವರ್ಷ ವಯಸ್ಸು ಎಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂದರೆ ಗಾಳಿಗೆ ಆಮ್ಲಜನಕ ಬರುವುದಕ್ಕೂ ಸುಮಾರು 30 ಕೋಟಿ ವರ್ಷ ಮೊದಲು ಆ ಬೆಟ್ಟ ಸಮುದ್ರದ ತಳದ ಕೆಸರಾಗಿತ್ತು.

ಆ ಶಿಲಾಸಮೂಹದ ಬುಡದಲ್ಲಿ ಇನ್ನೊಂದು ಸಾಕ್ಷ್ಯವಿದೆ. ಅಲ್ಲಿ ಪ್ರಾಚೀನ ನದಿಗಳು ಉರುಳಿಸಿ ತಂದ ಬೆಣಚುಕಲ್ಲುಗಳ ನಡುವೆ ಪೈರೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜದ ಕಣಗಳಿವೆ. ಇಂದಿನ ಗಾಳಿಯಲ್ಲಿ, ಹರಿಯುವ ನೀರಿನಲ್ಲಿ ಪೈರೈಟ್ ಬಹಳ ಕಾಲ ಉಳಿಯದು, ಬೇಗ ತುಕ್ಕು ಹಿಡಿಯುತ್ತದೆ. ನದಿಯಲ್ಲಿ ಉರುಳಿಯೂ ಅದು ಉಳಿದಿದ್ದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದೇ ಅರ್ಥ. ದಕ್ಷಿಣ ಆಫ್ರಿಕ ಮತ್ತು ಕೆನಡದ ಹಳೆಯ ನದಿಶಿಲೆಗಳೂ ಇದನ್ನೇ ಹೇಳುತ್ತವೆ. ಮುಂದೆ 2000ದಲ್ಲಿ ಜೇಮ್ಸ್ ಫರ್ಕರ್ ಮತ್ತು ಸಂಗಡಿಗರು ಕಲ್ಲುಗಳಲ್ಲಿನ ಗಂಧಕವನ್ನು ಪರೀಕ್ಷಿಸಿದರು. ಓಝೋನ್ ಪದರವಿಲ್ಲದ ಆಕಾಶದಲ್ಲಿ ಮಾತ್ರ ಉಂಟಾಗುವ ಒಂದು ವಿಶಿಷ್ಟ ಗುರುತು ಅತಿ ಹಳೆಯ ಕಲ್ಲುಗಳಲ್ಲಿತ್ತು. ಸುಮಾರು 240 ಕೋಟಿ ವರ್ಷಗಳ ಈಚಿನ ಕಲ್ಲುಗಳಲ್ಲಿ ಅದು ಕಾಣೆಯಾಗಿತ್ತು. ಘಟನೆಯ ಕಾಲನಿರ್ಣಯಕ್ಕೆ ಇದು ಬಲವಾದ ಆಧಾರವಾಯಿತು.

ಒಬ್ಬರ ಅನ್ನ, ಇನ್ನೊಬ್ಬರ ವಿಷ

ಆಮ್ಲಜನಕ ಸೌಮ್ಯ ವಸ್ತುವಲ್ಲ. ಕಬ್ಬಿಣವನ್ನು ತಿನ್ನುವ, ಕಟ್ಟಿಗೆಯನ್ನು ಸುಡುವ, ಎಣ್ಣೆಯನ್ನು ಕಮಟಾಗಿಸುವ ವಸ್ತು ಅದು. ಅದನ್ನು ಎಂದೂ ಕಾಣದಿದ್ದ ಆಗಿನ ಜೀವಿಗಳಿಗೆ ಅದು ವಿಷವಾಯಿತು. ಎಷ್ಟು ಸಂತತಿಗಳು ಅಳಿದವು ಎಂಬುದಕ್ಕೆ ಅಸ್ಥಿಪಂಜರಗಳ ದಾಖಲೆ ಇಲ್ಲ, ಏಕೆಂದರೆ ಅವಕ್ಕೆ ಅಸ್ಥಿಯೇ ಇರಲಿಲ್ಲ. ಉಳಿದ ಕೆಲವು ಕೆಸರಿನ ಆಳಕ್ಕೆ, ಗಾಳಿಯಾಡದ ಮೂಲೆಗಳಿಗೆ ಸರಿದವು. ಗೋಬರ್ ಅನಿಲದ ಗುಂಡಿಯಲ್ಲೂ ನಮ್ಮ ಕರುಳಿನಲ್ಲೂ ಇರುವ ಹಲವು ಸೂಕ್ಷ್ಮಜೀವಿಗಳು ಇಂದಿಗೂ ಆಮ್ಲಜನಕ ತಾಗಿದರೆ ಬದುಕವು. ಭೂಮಿಯನ್ನು ಬೆಚ್ಚಗಿಟ್ಟಿದ್ದ ಮೀಥೇನನ್ನು ಆಮ್ಲಜನಕ ನಾಶಪಡಿಸಿದ್ದರಿಂದಲೇ ಆ ಕಾಲದಲ್ಲಿ ದೀರ್ಘ ಹಿಮಯುಗ ಬಂತು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಆದರೆ ಬೆಂಕಿಯಂಥ ಈ ವಸ್ತುವನ್ನು ಪಳಗಿಸಲು ಕಲಿತ ಜೀವಿಗಳೂ ಇದ್ದವು. ಆಮ್ಲಜನಕವಿಲ್ಲದೆ ಒಂದು ಸಕ್ಕರೆ ಅಣುವಿನಿಂದ ಸಿಗುವ ಶಕ್ತಿಗಿಂತ ಸುಮಾರು ಹದಿನೈದು ಪಟ್ಟು ಹೆಚ್ಚು ಶಕ್ತಿ ಆಮ್ಲಜನಕದ ನೆರವಿನಿಂದ ಸಿಗುತ್ತದೆ. ಅಂಥ ಒಂದು ಜೀವಿ ಮತ್ತೊಂದರ ಒಳಗೆ ಸೇರಿ ಮೈಟೊಕಾಂಡ್ರಿಯ ಆಯಿತು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದಾಗ ಅನೇಕರು ಒಪ್ಪಲಿಲ್ಲ. ಇಂದು ಅದು ಪಾಠದ ಭಾಗ. ಓಡುವ ಕಾಲು, ಹಾರುವ ರೆಕ್ಕೆ, ಯೋಚಿಸುವ ಮೆದುಳು ಇವೆಲ್ಲ ಸಾಧ್ಯವಾದದ್ದು ಈ ಹೆಚ್ಚುವರಿ ಶಕ್ತಿಯಿಂದ. ಆಮ್ಲಜನಕದಿಂದಲೇ ಓಝೋನ್ ಪದರ ಉಂಟಾಗಿ ಜೀವಿಗಳು ನೆಲಕ್ಕೆ ಕಾಲಿಡಲು ದಾರಿಯಾಯಿತು. ಇದೆಲ್ಲ ಒಂದೇ ದಿನದಲ್ಲಿ ಆಗಲಿಲ್ಲ. ಮೊದಲ ಏರಿಕೆಯ ನಂತರ ನೂರು ಕೋಟಿಗೂ ಹೆಚ್ಚು ವರ್ಷ ಆಮ್ಲಜನಕ ಕಡಿಮೆ ಪ್ರಮಾಣದಲ್ಲೇ ಇತ್ತು. ಅದು ಮತ್ತೊಮ್ಮೆ ಏರಿದ ಮೇಲೆಯೇ ದೊಡ್ಡ ಪ್ರಾಣಿಗಳ ಕಾಲ ಬಂದದ್ದು. ಇಂದು ಗಾಳಿಯಲ್ಲಿ ಅದರ ಪಾಲು ಶೇಕಡಾ 21.

ಜಮಾ-ಖರ್ಚಿನ ಪುಸ್ತಕ

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗಿಡವೋ ಪಾಚಿಯೋ ಎಷ್ಟು ಆಮ್ಲಜನಕ ಬಿಡುತ್ತದೋ, ಅದು ಸತ್ತು ಕೊಳೆಯುವಾಗ ಹೆಚ್ಚು ಕಡಿಮೆ ಅಷ್ಟೇ ಆಮ್ಲಜನಕ ಖರ್ಚಾಗುತ್ತದೆ. ಜಮಾ ಮತ್ತು ಖರ್ಚು ಸಮ. ಹಾಗಾದರೆ ಗಾಳಿಯಲ್ಲಿ ಇಷ್ಟೊಂದು ಉಳಿತಾಯ ಆದದ್ದು ಹೇಗೆ? ಸತ್ತ ಜೀವಿಗಳ ಒಂದು ಸಣ್ಣ ಪಾಲು ಕೊಳೆಯದೆ ಕೆಸರಿನಲ್ಲಿ ಹೂತುಹೋಯಿತು. ಅದರ ಇಂಗಾಲ ಕಲ್ಲಿನೊಳಗೆ ಉಳಿಯಿತು, ಅದಕ್ಕೆ ಪ್ರತಿಯಾದ ಆಮ್ಲಜನಕ ಗಾಳಿಯಲ್ಲಿ ಉಳಿಯಿತು. ಕೋಟ್ಯಂತರ ವರ್ಷಗಳ ಈ ಚಿಲ್ಲರೆ ಉಳಿತಾಯವೇ ನಮ್ಮ ಉಸಿರಿನ ಬಂಡವಾಳ.

ಹೂತ ಆ ಇಂಗಾಲದ ಒಂದು ಭಾಗವೇ ಕಲ್ಲಿದ್ದಲು ಮತ್ತು ಪೆಟ್ರೋಲಿಯಂ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ, ನಮ್ಮ ಬೈಕು ಓಡಿದಾಗ, ಆ ಹಳೆಯ ಲೆಕ್ಕವನ್ನು ನಾವು ತಿರುವು ಮುರುವು ಮಾಡುತ್ತಿದ್ದೇವೆ. ಇದರಿಂದ ಆಮ್ಲಜನಕ ಮುಗಿದುಹೋಗುತ್ತದೆ ಎಂಬ ಭಯ ಬೇಡ. ಶೇಕಡಾ 21ರಲ್ಲಿ ಆಗುವ ಇಳಿಕೆ ತೀರಾ ಅಲ್ಪ. ಅಪಾಯವಿರುವುದು ಪುಸ್ತಕದ ಇನ್ನೊಂದು ಬದಿಯಲ್ಲಿ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420ನ್ನು ದಾಟಿತ್ತು. ಪ್ರಮಾಣ ಸಣ್ಣದಾದರೂ ಭೂಮಿಯ ಶಾಖವನ್ನು ನಿಯಂತ್ರಿಸುವುದು ಅದೇ.

ಗಾಳಿಯನ್ನು ಬದಲಿಸಿದ ಮೊದಲ ಜೀವಿ ನಾವಲ್ಲ, ಪಾಚಿ. ಆದರೆ ಎರಡು ವ್ಯತ್ಯಾಸಗಳಿವೆ. ಪಾಚಿ ಕೋಟಿಗಟ್ಟಲೆ ವರ್ಷ ತೆಗೆದುಕೊಂಡಿತು, ನಾವು ಎರಡೂವರೆ ಶತಮಾನದಲ್ಲಿ ಮಾಡಿದೆವು. ತಾನೇನು ಮಾಡುತ್ತಿದ್ದೇನೆ ಎಂಬುದು ಪಾಚಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದವನಿಗೆ ಹೊಣೆ ಇದೆ, ಅರಿಯದವನಿಗೆ ಇರುವ ವಿನಾಯಿತಿ ಅವನಿಗೆ ಸಿಗದು.

ನಮ್ಮ ಪಾಲಿನ ಕೆಲಸ

ಈ ಇತಿಹಾಸದ ದಾಖಲೆಗಳು ನಮ್ಮ ನೆಲದಲ್ಲೇ ಇದ್ದರೂ ನಾವು ಅವನ್ನು ಓದಿದ್ದು ಕಡಿಮೆ, ಮಾರಿದ್ದೇ ಹೆಚ್ಚು. ಕುದುರೆಮುಖದ ಅದಿರಿಗಾಗಿ 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಳ್ಳಾರಿಯಲ್ಲಿ ಮಿತಿಮೀರಿದ ಗಣಿಗಾರಿಕೆಗೆ 2011ರಲ್ಲಿ ಅದೇ ನ್ಯಾಯಾಲಯ ತಡೆ ಹಾಕಬೇಕಾಯಿತು. ಮುಂದೆ ನಿರ್ಬಂಧಗಳೊಂದಿಗೆ ಅದು ಮತ್ತೆ ಆರಂಭವಾಯಿತು. ಕಬ್ಬಿಣ ಬೇಡವೆಂದು ಯಾರೂ ಹೇಳುವಂತಿಲ್ಲ. ಅದಿಲ್ಲದೆ ನೇಗಿಲಿಲ್ಲ, ರೈಲಿಲ್ಲ, ಶಾಲೆಯ ಕಟ್ಟಡವೂ ಇಲ್ಲ. ಆದರೆ ಟನ್ನಿನ ಲೆಕ್ಕದಲ್ಲಿ ಹಡಗೇರಿದ ಆ ಕಲ್ಲು ಏನೆಂಬುದನ್ನು ಒಂದು ಬಾರಿಯಾದರೂ ನಮ್ಮ ಮಕ್ಕಳಿಗೆ ತೋರಿಸಬೇಕಿತ್ತಲ್ಲವೇ?

ಅದಕ್ಕೆ ಈಗಲೂ ಕಾಲ ಮಿಂಚಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಸಮುದ್ರದಡಿಯಲ್ಲಿ ಹೆಪ್ಪುಗಟ್ಟಿದ, ದಿಂಬಿನಾಕಾರದ ಲಾವಾ ಶಿಲೆಗಳಿವೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಕಲ್ಲುಗಳು ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟ ಕಾಲದ ಸಾಕ್ಷಿ. ಈ ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ವರ್ಷಕ್ಕೊಂದು ಶೈಕ್ಷಣಿಕ ಪ್ರವಾಸ ಹೊರಡುವ ನಮ್ಮ ಶಾಲೆ ಕಾಲೇಜುಗಳು ಅರಮನೆ ಮತ್ತು ಅಣೆಕಟ್ಟುಗಳ ಜತೆಗೆ ಇವುಗಳಲ್ಲಿ ಒಂದನ್ನಾದರೂ ಸೇರಿಸಿಕೊಳ್ಳಲಿ. ಇತಿಹಾಸದ ಉಪನ್ಯಾಸಕರೂ ವಿಜ್ಞಾನದ ಉಪನ್ಯಾಸಕರೂ ಒಂದೇ ಬಸ್ಸಿನಲ್ಲಿ ಹೋಗಲಿ. ಭೂವಿಜ್ಞಾನ ಎಂಬ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ನಮ್ಮಲ್ಲಿ ತೀರಾ ವಿರಳ. ಎಂಜಿನಿಯರಿಂಗ್, ವೈದ್ಯಕೀಯಗಳ ಆಚೆಗೂ ಬದುಕು ಕಟ್ಟಿಕೊಡುವ ವಿದ್ಯೆಗಳಿವೆ ಎಂಬುದನ್ನು ಪೋಷಕರೂ ಅರಿಯಬೇಕು. ಅಲ್‌ಬಿರೂನಿಯ ಹೆಸರನ್ನು ವೇದಿಕೆಯಲ್ಲಿ ಅಭಿಮಾನದಿಂದ ಹೇಳುವುದು ಸುಲಭ. ಅವರು ಮಾಡಿದ ಹಾಗೆ ನದಿಯ ದಡದಲ್ಲಿ ಬಗ್ಗಿ ಒಂದು ಕಲ್ಲನ್ನು ಎತ್ತಿ ನೋಡುವುದು ಅವರಿಗೆ ಸಲ್ಲಿಸುವ ನಿಜವಾದ ಗೌರವ.

ಭೂಮಿಯ ಇತಿಹಾಸದ ಈ ಮಹತ್ತರ ಘಟನೆಯಲ್ಲಿ ರಾಜನಿಲ್ಲ, ಸೇನಾಪತಿಯಿಲ್ಲ, ವಿಜಯೋತ್ಸವವಿಲ್ಲ. ಕಣ್ಣಿಗೆ ಕಾಣದ ಅಲ್ಪ ಜೀವಿಗಳು ದಿನದಿನವೂ ಮಾಡಿದ ಕೆಲಸ ಸೇರಿ ಒಂದು ಜಗತ್ತು ಬದಲಾಯಿತು. ಒಬ್ಬೊಬ್ಬರು ಕೊಟ್ಟ ಸಣ್ಣ ಸಣ್ಣ ದೇಣಿಗೆಯಿಂದ ಶಾಲೆ ಕಟ್ಟಿದ, ವಿದ್ಯಾರ್ಥಿವೇತನ ಹಂಚಿದ ಸಂಸ್ಥೆಗಳ ಸದಸ್ಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಪವೆಂದು ಕಾಣುವ ಕೆಲಸ ಕೂಡಿ ಒಳಿತೂ ಆಗಬಹುದು, ಕೆಡುಕೂ ಆಗಬಹುದು. ನಮ್ಮ ದಿನನಿತ್ಯದ ಖರ್ಚು ಆ ಹಳೆಯ ಪುಸ್ತಕದ ಯಾವ ಬದಿಗೆ ಸೇರುತ್ತಿದೆ ಎಂಬುದನ್ನು ನಾವು ಪ್ರತಿಯೊಬ್ಬರೂ ಯೋಚಿಸಬೇಕಾಗಿದೆ.